ಉಳ್ಳಾಗಡ್ಡಿ ಬೇರಿನಲ್ಲಿ ಕೋಶಕೇಂದ್ರದ ವಿಭಜನೆ: ನನ್ನ ಅನುಭವ

ಪಿಯು ಮಕ್ಕಳಿಗೆ ಮೈಟಾಸಿಸ್ (ಒಂದು ಕೋಶಕೇಂದ್ರ ಒಂದೇ ಬಗೆಯ ಎರಡಾಗುವ ವಿಭಜನೆ) ತೋರಿಸಲು ನಾನು ತಯಾರಿ ಸ್ಲೈಡ್ ಕೊಳ್ಳುವುದಿಲ್ಲ. ಗದಗಿನಲ್ಲಿ ಉಳ್ಳಾಗಡ್ಡಿಗೇನು ಬರ? ಗಟ್ಟಿ ಗಡ್ಡೆ ಆರಿಸಿ, ಒಣ ಬೇರು ಕೆರೆದು, ಬುಡವಷ್ಟೇ ನೀರಿಗೆ ತಾಗುವಂತೆ ಲೋಟದ ಬಾಯಿಗೆ ಕೂರಿಸುತ್ತೇನೆ. ನೆರಳಲ್ಲಿಟ್ಟು ದಿನಾ ನೀರು ಬದಲಿಸಿದರೆ ಮೂರ್ನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತವೆ.

ಬೆಳಿಗ್ಗೆ ಬೇರಿನ ತುದಿ ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್ ಮತ್ತು ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಮರುದಿನದವರೆಗೆ ಇಡುತ್ತೇನೆ. ಪ್ರತಿ ಜೀವಕೋಶವೂ ತಾನಿದ್ದ ಹಂತದಲ್ಲೇ ನಿಂತುಬಿಡುತ್ತದೆ. ಆಮೇಲೆ ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಮ್ಲ. ಅದು ಜೀವಕೋಶಗಳ ನಡುವಿನ ಅಂಟಾದ ಪೆಕ್ಟಿನ್ ಸಡಿಲಿಸುತ್ತದೆ. ಅಸಿಟೋಕಾರ್ಮಿನ್ ಬಣ್ಣ ಹಿಡಿದ ಮೇಲೆ ತುದಿಯ 2 ಮಿಲಿಮೀಟರ್ ಮಾತ್ರ ಉಳಿಸಿಕೊಂಡು, ಕವರ್‌ಸ್ಲಿಪ್ ಹೊದಿಸಿ, ಬ್ಲಾಟಿಂಗ್ ಕಾಗದದ ಮೇಲಿಂದ ಹೆಬ್ಬೆರಳಲ್ಲಿ ನೆಟ್ಟಗೆ ಒತ್ತುತ್ತೇನೆ. ಗಾಜು ಪಕ್ಕಕ್ಕೆ ಜಾರಬಾರದು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೊಡನೆ “ಏನೂ ಕಾಣವಲ್ದ್ರಿ ಮೇಡಂ” ಅನ್ನುವ ದನಿ ಪ್ರತಿ ಬ್ಯಾಚಿನಲ್ಲೂ ಏಳುತ್ತದೆ. “ಉದ್ದನ್ನ ಜೀವಕೋಶ ಬಿಡವಾ, ಸಣ್ಣು, ಚೌಕ ಇರೂ ಕಡೆ ಸರಸು” ಅನ್ನುತ್ತೇನೆ. ಉದ್ದಕ್ಕೆ ಬೆಳೆದವು ವಿಭಜನೆ ಬಿಟ್ಟವು.

ಮಕ್ಕಳು ನೇರ ಪಠ್ಯದ ಚಿತ್ರಕ್ಕೇ ಹುಡುಕುತ್ತಾರೆ. ನಾನು ಮೊದಲು ಎಣಿಸಲು ಹೇಳುತ್ತೇನೆ. ಹೆಚ್ಚಿನವು ಇಂಟರ್‌ಫೇಸ್‌ನಲ್ಲೇ, ಅಂದರೆ ಎರಡು ವಿಭಜನೆಗಳ ನಡುವಿನ ಹಂತದಲ್ಲೇ, ಇರುತ್ತವೆ. ವಿಭಜನೆಗೆ ಹೊರಟವುಗಳಲ್ಲಿ ಮೊದಲ ಹಂತವಾದ ಪ್ರೊಫೇಸ್ ಬಹಳ, ಎಳೆಗಳು ಬೇರೆಯಾಗುವ ಹಂತವಾದ ಅನಾಫೇಸ್ ಬೆರಳೆಣಿಕೆಯಷ್ಟು. ಯಾವ ಹಂತ ದೀರ್ಘವೋ ಅದರಲ್ಲೇ ಹೆಚ್ಚು ಜೀವಕೋಶಗಳು ಸಿಕ್ಕಿಬೀಳುತ್ತವೆ. ಅಲುಗದ ಸ್ಲೈಡಿನಿಂದಲೇ ಕಾಲದ ಅಂದಾಜು ಸಿಗುವುದು ನನಗೆ ಈ ಪ್ರಯೋಗದಲ್ಲಿ ಅತಿ ಇಷ್ಟದ ಭಾಗ.

ಪ್ರೊಫೇಸ್‌ನಲ್ಲಿ ದುಂಡು ಕೋಶಕೇಂದ್ರದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮ್‌ಗಳು, ದಪ್ಪಗಾಗುತ್ತವೆ; ಅದರೊಳಗಿನ ಗಾಢ ಚುಕ್ಕೆಯಾದ ನ್ಯೂಕ್ಲಿಯೋಲಸ್ ಮಾಯವಾಗುತ್ತದೆ. ಕೋಶಕೇಂದ್ರದ ಪೊರೆ ಕರಗಿದ ಮೇಲೆ, ಮೆಟಾಫೇಸ್‌ನಲ್ಲಿ, ಕ್ರೋಮೋಸೋಮ್‌ಗಳು ನಡುವೆ ಸಾಲುಗಟ್ಟುತ್ತವೆ. ಉಳ್ಳಾಗಡ್ಡಿಯಲ್ಲಿ ಅವು 16. ಪ್ರತಿಯೊಂದೂ ಮೊದಲೇ ಜೋಡಿ ಎಳೆಯಾಗಿರುವುದರಿಂದ ಅನಾಫೇಸ್‌ನಲ್ಲಿ ಬೇರೆಯಾಗಿ ಎರಡೂ ತುದಿಗೆ 16-16 ಹೋಗುತ್ತವೆ. ಎಂಟೆಂಟು ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. 1882ರಲ್ಲಿ ಮೈಟಾಸಿಸ್ ಎಂಬ ಹೆಸರು ಕೊಟ್ಟ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಜೀವಕೋಶಗಳಲ್ಲಿ ಈ ಎಳೆಗಳನ್ನು ಹಿಂಬಾಲಿಸಿ ಚಿತ್ರ ಬಿಡಿಸಿದ್ದ.

ಕ್ರೋಮೋಸೋಮ್‌ಗಳನ್ನು ತುದಿಗಳತ್ತ ಎಳೆಯುವ ಸ್ಪಿಂಡಲ್ ನಾರುಗಳಿಗೆ ಕಾರ್ಮಿನ್ ಬಣ್ಣ ಹಿಡಿಯುವುದಿಲ್ಲ. ಪಠ್ಯ ನೋಡಿ ರೆಕಾರ್ಡಿನಲ್ಲಿ ಅವನ್ನು ಗೀಚಿದ್ದರೆ ನಾನು ಅಳಿಸಿಸುತ್ತೇನೆ. ಕೊನೆಯ ಹಂತವಾದ ಟೀಲೋಫೇಸ್ ಎಂದು ಗುರುತಿಸಿದವರನ್ನೂ ಕೇಳುತ್ತೇನೆ: ಎರಡು ಕೋಶಕೇಂದ್ರಗಳೂ ಪಕ್ಕದವಕ್ಕಿಂತ ಸಣ್ಣವೇ, ಗಾಢವೇ, ನಡುವೆ ತೆಳು ಗೆರೆಯಂತೆ, ಮುಂದೆ ಗೋಡೆಯಾಗುವ ಕೋಶಫಲಕ ಮೂಡಿದೆಯೇ? ಹೌದಾದರೆ ಮಾತ್ರ ಸಹಿ ಹಾಕುತ್ತೇನೆ.