ಹಳೆಯ ಸೇನಾ ಪಿಸ್ತೂಲಿನ ವಿದೇಶಿ ಪ್ರತಿ: ಬಳ್ಳಾರಿಯಲ್ಲಿ ಕೊಳ್ಳುವ ಮುನ್ನ

ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿ 1911ರಲ್ಲಿ ಅಮೆರಿಕದ ಸೇನೆ ಅಂಗೀಕರಿಸಿದ ಕೋಲ್ಟ್ ಪಿಸ್ತೂಲಿನ ಅಗ್ಗದ ಪ್ರತಿಗಳನ್ನು ಫಿಲಿಪ್ಪೀನ್ಸ್‌ನ ಆರ್ಮ್‌ಸ್ಕೋರ್, ಟರ್ಕಿಯ ಟಿಸಾಸ್ ಮುಂತಾದ ಕಂಪನಿಗಳು ತಯಾರಿಸುತ್ತವೆ. ಆದರೆ ನಮ್ಮ ದೇಶದ ಸಾಮಾನ್ಯ ನಾಗರಿಕರು ಅವುಗಳನ್ನು ನೇರವಾಗಿ ತರಿಸಿಕೊಳ್ಳುವಂತಿಲ್ಲ. ಆದ್ದರಿಂದ ಬೆಲೆ ವಿಚಾರಿಸುವ ಮೊದಲು ಪರವಾನಗಿಯ ದಾರಿಯನ್ನು ತಿಳಿಯುವುದೇ ಸರಿ.

ಬಳ್ಳಾರಿಯ ನಿವಾಸಿಗಳು ಜಿಲ್ಲಾಧಿಕಾರಿಯವರಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸ್ ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಅವಸರ ಬೇಡ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಗರಿಷ್ಠ 2 ಬಂದೂಕುಗಳು. ಪರವಾನಗಿಯ ಅವಧಿ 5 ವರ್ಷ. 9 ಎಂಎಂ ನಿಷೇಧಿತ ನಳಿಕೆ ವ್ಯಾಸವಾದ್ದರಿಂದ ನಾಗರಿಕರ ಕೈಗೆ ಬರುವ ಪಿಸ್ತೂಲುಗಳು ಸಾಮಾನ್ಯವಾಗಿ .32 ಇಂಚಿನವು.

ದೇಶದೊಳಗೆ ಈಗಾಗಲೇ ಕಾನೂನುಬದ್ಧವಾಗಿರುವ ವಿದೇಶಿ ಪಿಸ್ತೂಲು ಪರವಾನಗಿದಾರ ವ್ಯಾಪಾರಿಯಲ್ಲಿ ದೊರೆತರೆ, ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯನ್ನು ಕಾಗದದ ಸಂಖ್ಯೆಯೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಒಂದು ಅಂಕಿ ತಪ್ಪಿದರೂ ಕೊಳ್ಳಬೇಡಿ. ಬಳಿಕ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆಸಿ, ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ಚೇಂಬರ್ (ಗುಂಡು ಕೂರುವ ಜಾಗ) ಖಾಲಿಯೆಂದು ಕಣ್ಣಾರೆ ಕಂಡ ಮೇಲಷ್ಟೇ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ: ಒಳಗಿನ ಸುರುಳಿ ಗೀರುಗಳು ಚೂಪಾಗಿ ಹೊಳೆಯಬೇಕು, ತುಕ್ಕಿನ ಕಪ್ಪು ಚುಕ್ಕೆಗಳು ಇರಬಾರದು. ಸ್ಲೈಡ್ ತಡೆಯಿಲ್ಲದೆ ಜಾರಬೇಕು, ಆದರೆ ಅಡ್ಡಡ್ಡ ಅಲುಗಾಡಬಾರದು. ಹೊರಗಿನ ಹೊಳಪಿಗೆ ನಾನು ಬೆಲೆ ಕೊಡುವುದಿಲ್ಲ.

ಸಂಡೂರಿನ ಗಣಿಗಳ ಕಡೆ ಇರುವವರು ಎಣ್ಣೆಯನ್ನು ತೆಳ್ಳಗೆ ಸವರುವುದು ಮುಖ್ಯ, ಏಕೆಂದರೆ ಆ ಕೆಂಪು ಅದಿರಿನ ದೂಳು ಎಣ್ಣೆಯೊಡನೆ ಕಲೆತು ಉಜ್ಜುಪುಡಿಯಂತೆ ಲೋಹವನ್ನು ಸವೆಸುತ್ತದೆ. ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆಟುಕದಂತೆ ಬೀಗ ಹಾಕಿ ಇಡಿ. ಚುನಾವಣೆಯ ಸಮಯದಲ್ಲಿ ಆದೇಶ ಬಂದರೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ.