ಟೇಪು ಹಿಡಿಯಬೇಕಾದದ್ದು ಬೇಲಿಯಿಂದ

ಹಳೇಬೀಡಿನಲ್ಲಿ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ, ಹೊಯ್ಸಳೇಶ್ವರ ದೇವಸ್ಥಾನಕ್ಕೆ ಕೂಗಳತೆ ದೂರ. ನಡುಮನೆಯ ತೊಲೆಗೆ ಗೆದ್ದಲು ಹಿಡಿದು ಬಾಗಿದಾಗ, ಕೆಡವಿ ಎರಡಂತಸ್ತು ಕಟ್ಟಲು ಹೊರಟೆ. ಮೇಸ್ತ್ರಿ ಗುಡಿ ನಿಂತಿರುವ ಕಟ್ಟೆಯಿಂದ, ಅಂದರೆ ಜಗತಿಯಿಂದ ಟೇಪು ಹಿಡಿದು, ‘ನೂರಾ ಹದಿನೆಂಟು ಮೀಟರ್. ನೂರು ದಾಟಿದೆ, ಪಾರಾದ್ರಿ ಸಾರ್’ ಅಂದ. ನಾನೂ ನಂಬಿದೆ.

ಎಡವಿದ್ದು ಅಲ್ಲೇ. ಪ್ರಾಚೀನ ಸ್ಮಾರಕಗಳ ಕಾನೂನಿನ ಲೆಕ್ಕ ಶುರುವಾಗುವುದು ಸಂರಕ್ಷಿತ ಜಾಗದ ಗಡಿಯಿಂದ. ಗುಡಿಯ ಸುತ್ತಲಿನ ಹುಲ್ಲುಹಾಸೂ ಅದರೊಳಗೇ ಬರುತ್ತದೆ. ಬೇಲಿಯಿಂದ ಅಳೆದರೆ ನಮ್ಮ ಹೊಸ್ತಿಲಿಗೆ 71 ಮೀಟರ್! ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ಹೊಸ ಕಟ್ಟಡಕ್ಕೆ ಅನುಮತಿಯೇ ಇಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಪಂಚಾಯಿತಿ ಪರವಾನಗಿ ಇದೆಯೆಂದು ಇದನ್ನು ದಾಟುವಂತಿಲ್ಲ. ಮೀರಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಊರಲ್ಲಿ ಎಲ್ಲರೂ ಯುನೆಸ್ಕೊವನ್ನು ಬೈಯುತ್ತಾರೆ. ಆದರೆ ದೇವಸ್ಥಾನ ಅದರ ವಿಶ್ವಪರಂಪರೆ ಪಟ್ಟಿಗೆ ಸೇರಿದ್ದು 2023ರಲ್ಲಿ. ನಮ್ಮ ಕೈ ಕಟ್ಟಿದ್ದು 1992ರ ಜೂನ್ 16ರ ಅಧಿಸೂಚನೆ, ಆಮೇಲೆ ಆ ಸ್ಮಾರಕ ಕಾನೂನಿನ 2010ರ ತಿದ್ದುಪಡಿ. ಮನೆಯೇನೂ ಸರ್ಕಾರದ್ದಾಗಿಲ್ಲ, ಖಾತೆ ಇಂದಿಗೂ ಅಪ್ಪನ ಹೆಸರಲ್ಲೇ ಇದೆ.

ಉಳಿದ ದಾರಿ ದುರಸ್ತಿ. ಅದಕ್ಕೆ ಮನೆ ಆ 1992ರ ದಿನಾಂಕಕ್ಕೆ ಮುಂಚಿನದೆಂದು ತೋರಿಸಬೇಕು. ಅಜ್ಜನ ಟ್ರಂಕಿನ ತಳದಲ್ಲಿ, ನುಸಿಗುಳಿಗೆ ವಾಸನೆಯ ನಡುವೆ, ದಾರದಲ್ಲಿ ಪೋಣಿಸಿಟ್ಟ ಕಂದಾಯ ರಸೀದಿಗಳು ಸಿಕ್ಕವು. ಒಂದರ ಮೇಲೆ 1984ರ ಮೊಹರು ಇನ್ನೂ ಕಾಣುತ್ತಿತ್ತು. ಅದರ ಜತೆ ಕ್ರಯಪತ್ರ, ಮನೆಯ ನಾಲ್ಕೂ ಕಡೆಯ ಫೋಟೊ, ಅಳತೆಯ ನಕ್ಷೆ ಇಟ್ಟೆ.

ಮೊದಲ ಅರ್ಜಿ ವಾಪಸ್ ಬಂತು. ತಪ್ಪು ನನ್ನದೇ: ‘ಮೇಲ್ಛಾವಣಿ ತೆಗೆದು ಹೊಸದಾಗಿ ಕಟ್ಟಲು’ ಎಂದು ಬರೆದಿದ್ದೆ. ‘ಕಟ್ಟಲು’ ಅಂದಕೂಡಲೇ ಅದು ನಿರ್ಮಾಣದ ಲೆಕ್ಕಕ್ಕೆ ಹೋಗುತ್ತದೆ. ಎರಡನೇ ಸಲ, ಯಾವ ತೊಲೆ, ಎಷ್ಟು ರೀಪರು, ಎಷ್ಟು ಹೆಂಚು ಬದಲಾಗುತ್ತದೆ, ಗೋಡೆಯ ಎತ್ತರ ಎಷ್ಟಿದೆಯೋ ಅಷ್ಟೇ ಉಳಿಯುತ್ತದೆ ಎಂದು ಪಟ್ಟಿ ಮಾಡಿ ಕೊಟ್ಟೆ. ಅರ್ಜಿ ತೆಗೆದುಕೊಳ್ಳುವ ಸಕ್ಷಮ ಪ್ರಾಧಿಕಾರದಿಂದ ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಿ ಬರಬೇಕು. ಮಳೆಗೆ ಮುಂಚೆ ಕೆಲಸ ಮುಗಿಯಬೇಕೆಂದರೆ ದೀಪಾವಳಿ ಹೊತ್ತಿಗೇ ಅರ್ಜಿ ಹಾಕಿಬಿಡಿ.

ಈಗ ಸೂರು ಸೋರುತ್ತಿಲ್ಲ. ಎರಡಂತಸ್ತಿನ ನಕ್ಷೆಯನ್ನು ಅದೇ ಟ್ರಂಕಿನ ತಳಕ್ಕೆ ಹಾಸಿ, ಮೇಲೆ ರಸೀದಿಗಳನ್ನು ಇಟ್ಟಿದ್ದೇನೆ.