ಮೋಟರ್‌ಹೋಮ್ ಟಯರಿಗೆ ಸೆನ್ಸರ್: ಕೂರಿಸುವುದು ಸುಲಭ, ನಂಬರ್ ಹೊಂದಿಸುವುದೇ ಕೆಲಸ

ಮೋಟರ್‌ಹೋಮ್ ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ತಿರುಗುವ ಮನೆಯಂಥ ಗಾಡಿ. ಹಿಂದೆ ಜೋಡಿ ಟಯರ್ ಇರುವ ಮೋಟರ್‌ಹೋಮ್‌ನಲ್ಲಿ ಒಳಗಿನ ಟಯರ್ ಪಂಕ್ಚರ್ ಆದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಗಾಡಿ ವಾಲುವುದಿಲ್ಲ, ಸ್ಟೀರಿಂಗ್ ಎಳೆಯುವುದಿಲ್ಲ. ಪಕ್ಕದ ಟಯರ್ ಇಬ್ಬರ ಭಾರವನ್ನೂ ಒಂದೇ ಹೊತ್ತುಕೊಂಡು ಓಡುತ್ತಿರುತ್ತದೆ. ಕಾದು ಕಾದು ಅದೂ ಸಿಡಿದಾಗಲೇ ಸದ್ದು ಕೇಳುವುದು. ಆಗ ಬರೀ ಟಯರ್ ಹೋಗುವುದಿಲ್ಲ. ಹರಿದ ರಬ್ಬರ್ ಚಾಟಿಯ ಹಾಗೆ ಬೀಸಿ ಚಕ್ರದ ಮೇಲಿರುವ ನೀರಿನ ಪೈಪು, ವೈರು ಎಲ್ಲವನ್ನೂ ಕಿತ್ತುಬಿಡುತ್ತದೆ.

ಇದಕ್ಕೇ ಇರುವುದು ಟಯರ್ ಪ್ರೆಶರ್ ಸೆನ್ಸರ್, ಅಂದರೆ ಟಿಪಿಎಂಎಸ್. ಎಷ್ಟೋ ಕಾರುಗಳಲ್ಲಿ ಇದು ಕಂಪನಿಯಿಂದಲೇ ಬರುತ್ತದೆ. ಆದರೆ ಇದನ್ನು ಕಡ್ಡಾಯ ಮಾಡಿರುವ ಅಮೆರಿಕದ ಕಾನೂನು 4,536 ಕೆ.ಜಿ.ಗಿಂತ ಹೆಚ್ಚು ತೂಕದ ಗಾಡಿಗಳನ್ನೂ ಜೋಡಿ ಚಕ್ರದ ಗಾಡಿಗಳನ್ನೂ ಹೊರಗಿಟ್ಟಿದೆ. ಹಾಗಾಗಿ ದೊಡ್ಡ ಮೋಟರ್‌ಹೋಮ್ ಇಟ್ಟುಕೊಂಡವರು ಎಷ್ಟೋ ಸಲ ತಾವೇ ಕೊಂಡು ಹಾಕಿಕೊಳ್ಳಬೇಕಾಗುತ್ತದೆ.

ಬಗೆ ಮೂರು. ವಾಲ್ವ್ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವುದು ಒಂದು. ಬಿಚ್ಚದೆಯೇ ಗಾಳಿ ತುಂಬಿಸಬಹುದಾದದ್ದು ಇನ್ನೊಂದು. ರಿಮ್ಮಿನ ಒಳಗೆ ಕೂರುವುದು ಮೂರನೆಯದು. ಅದಕ್ಕೆ ಟಯರ್ ಬಿಚ್ಚಬೇಕು. ಹೊಸಬರಿಗೆ ಮುಚ್ಚಳದ ಬಗೆಯೇ ಸಾಕು ಅನ್ನುವುದು ನನ್ನ ಲೆಕ್ಕ.

ಮೊದಲು ತೂಕ, ಆಮೇಲೆ ಸೆನ್ಸರ್

ಡಬ್ಬಿ ತೆರೆಯುವ ಮುಂಚೆ ಗಾಡಿಯನ್ನು ತೂಕ ಹಾಕಿಸಿ. ನೀರು, ಇಂಧನ, ಸಾಮಾನು, ಜನ ಎಲ್ಲ ತುಂಬಿಕೊಂಡೇ ಹೋಗಿ. ಒಂದೊಂದು ಆಕ್ಸಲ್ (ಎಡ ಬಲದ ಚಕ್ರಗಳು ಕೂರುವ ಅಚ್ಚು) ಬೇರೆ ಬೇರೆ ತೂಗಿಸಿ. ಎಡ ಬಲವನ್ನೂ ಬೇರೆ ತೂಗುವವರು ಸಿಕ್ಕರೆ ಇನ್ನೂ ಒಳ್ಳೆಯದು. ಆ ತೂಕಕ್ಕೆ ಎಷ್ಟು ಗಾಳಿ ಬೇಕು ಎಂಬುದು ಟಯರ್ ಕಂಪನಿಯ ಪಟ್ಟಿಯಲ್ಲಿರುತ್ತದೆ. ಒಂದು ಆಕ್ಸಲ್‌ನಲ್ಲಿ ಭಾರ ಜಾಸ್ತಿ ಇರುವ ಪಕ್ಕದ ಲೆಕ್ಕವನ್ನೇ ಎರಡೂ ಪಕ್ಕಕ್ಕೆ ಹಿಡಿಯಿರಿ.

ಈ ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಬೇಕು. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಟಯರ್ ಮೇಲೆ ಬಿಸಿಲು ಬಿದ್ದಿರಬಾರದು. ಬೆಳಿಗ್ಗೆ ಹೊರಡುವ ಮುಂಚಿನ ಹೊತ್ತು ಸರಿ.

ಈಗ ಅಲಾರಂ. ನಿಮ್ಮ ಟಯರಿಗೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕು ಅನ್ನೋಣ. ಕಡಿಮೆ ಗಾಳಿಯ ಅಲಾರಂ ಶೇ 10 ಕೆಳಗೆ, ಅಂದರೆ 72. ಜಾಸ್ತಿ ಗಾಳಿಯದ್ದು ಶೇ 25 ಮೇಲೆ, ಅಂದರೆ 100. ಬಿಸಿಯ ಅಲಾರಂ 70 ಡಿಗ್ರಿ ಸೆಲ್ಸಿಯಸ್. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಬೇರೆ ಬೇರೆ ಗಾಳಿ ಇದ್ದರೆ ಅಲಾರಂ ಕೂಡ ಬೇರೆ ಬೇರೆ. ಡಬ್ಬಿಯಿಂದ ಬಂದ ನಂಬರನ್ನೇ ಬಿಟ್ಟುಬಿಡುವವರು ಬಹಳ ಜನ. ಅದು ಕಾರಿನ ಟಯರಿಗೆ ಇಟ್ಟ ನಂಬರ್ ಆಗಿದ್ದರೆ ನಿಮ್ಮ ಟಯರ್ ಅರ್ಧ ಖಾಲಿಯಾದರೂ ಕಡಿಮೆ ಗಾಳಿಯ ಅಲಾರಂ ಬಾಯಿ ಬಿಡುವುದಿಲ್ಲ.

ಕೂರಿಸುವುದು

ಮೇಜಿನ ಮೇಲೆ ಎಲ್ಲ ಸೆನ್ಸರ್ ಹರಡಿಕೊಂಡು ಸ್ಟಿಕ್ಕರ್ ಅಂಟಿಸಿ: ಮುಂದೆ ಎಡ, ಹಿಂದೆ ಬಲ ಒಳಗೆ, ಹೀಗೆ. ಆಮೇಲೆ ಮಾನಿಟರ್‌ನಲ್ಲಿ (ಸೆನ್ಸರ್ ಕಳಿಸುವ ನಂಬರನ್ನು ಓಡಿಸುವವರಿಗೆ ತೋರಿಸುವ ಪರದೆ) ಒಂದೊಂದು ಜಾಗ ಆರಿಸಿ ಅದರ ಸೆನ್ಸರ್ ಜೋಡಿಸಿ. ಹಿಂದೆ ಕಾರು ಎಳೆದುಕೊಂಡು ಹೋಗುವವರು ಅದರ ನಾಲ್ಕು ಚಕ್ರಗಳನ್ನೂ ಸೇರಿಸಿ. ಅಲ್ಲಿ ಪಂಕ್ಚರ್ ಆದರೆ ಇಲ್ಲಿ ಕೂತವರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ? ಗಾಡಿ ಉದ್ದವಿದ್ದು ಹಿಂದಿನ ಸೆನ್ಸರ್ ಆಗಾಗ ಕಾಣೆಯಾಗುತ್ತಿದ್ದರೆ ಹಿಂಭಾಗದಲ್ಲಿ ಸಿಗ್ನಲ್ ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಸಾಧನ) ಹಾಕಿ.

ಕೈಯಲ್ಲೇ ತಿರುಗಿಸಿ ಕೂರಿಸಿ, ಪಕ್ಕಡ್ ಬೇಡ. ಆಮೇಲೆ ಸೋಪಿನ ನೀರು ಹಚ್ಚಿ ಒಂದು ನಿಮಿಷ ನೋಡಿ. ಸಾಸಿವೆಯಷ್ಟು ಗುಳ್ಳೆ ಬಂದರೂ ಬಿಚ್ಚಿ ಮತ್ತೆ ಕೂರಿಸಿ. ಸೆನ್ಸರ್ ಕೂತಿರುವಷ್ಟು ಹೊತ್ತೂ ವಾಲ್ವಿನ ಪಿನ್ ಒತ್ತಿಕೊಂಡೇ ಇರುತ್ತದೆ. ಸೆನ್ಸರ್ ಸಡಿಲವಾದರೆ ಗಾಳಿ ಹೋಗುವುದು ಅಲ್ಲಿಂದಲೇ.

ನಾನು ಕೆಟ್ಟಿದ್ದು ಇಲ್ಲೇ. ಒಳಗಿನ ಟಯರಿಗೆ ಕೈ ಎಟುಕುವುದಿಲ್ಲ ಎಂದು ವಾಲ್ವಿಗೆ ರಬ್ಬರಿನ ಉದ್ದ ಪೈಪು ಹಾಕಿ, ಅದರ ತುದಿಗೆ ಸೆನ್ಸರ್ ಸಿಕ್ಕಿಸಿದ್ದೆ. ಚಕ್ರ ತಿರುಗಿದ ಹಾಗೆ ಪೈಪು ಅಲ್ಲಾಡಿ ಅಲ್ಲಾಡಿ ಬುಡದಲ್ಲಿ ಸೀಳಿತು. ಗಾಳಿ ಹೋಗುತ್ತಿದೆ ಎಂದು ಅಲಾರಂ ಬಡಿದುಕೊಂಡಿತು, ಹೋಗುವುದಕ್ಕೆ ಕಾರಣವೂ ಅದೇ! ಲೋಹದ ವಾಲ್ವ್ ಹಾಕಿಸಿದ ಮೇಲೆ ತೊಂದರೆ ಬರಲಿಲ್ಲ.

ರಸ್ತೆಯಲ್ಲಿ

ಓಡಿದ ಹಾಗೆ ಪ್ರೆಶರ್ ಏರುತ್ತದೆ. ಒಳಗಿನ ಗಾಳಿ 20 ಡಿಗ್ರಿಯಿಂದ 50 ಡಿಗ್ರಿಗೆ ಕಾದರೆ 80 ಇದ್ದದ್ದು ಹತ್ತಿರ ಹತ್ತಿರ 90 ಆಗುತ್ತದೆ. ಹೆದರಬೇಡಿ, ಗಾಳಿ ಬಿಡಲೂ ಬೇಡಿ. ಬಿಸಿ ಟಯರಿನಿಂದ ಗಾಳಿ ಬಿಟ್ಟು 80ಕ್ಕೆ ಇಳಿಸಿದರೆ ಮಾರನೆ ದಿನ ಬೆಳಿಗ್ಗೆ ತಣ್ಣಗಾದಾಗ ಅದು ಸುಮಾರು 71. ಹೊರಡುವ ಮೊದಲೇ ಅಲಾರಂ!

ಒಂದು ಟಯರನ್ನು ಒಂಟಿಯಾಗಿ ನೋಡಬೇಡಿ, ಅದರ ಜೊತೆಯವನ ಪಕ್ಕದಲ್ಲಿಟ್ಟು ನೋಡಿ. ಬಿಸಿಲಿನ ಕಡೆಯದ್ದು ಒಂದೆರಡು ಜಾಸ್ತಿ ತೋರಿಸುವುದು ಸಹಜ. ಮೂರು ಟಯರ್ ಏರುತ್ತಿದ್ದು ಒಂದು ಮಾತ್ರ ನಿಂತಲ್ಲೇ ನಿಂತಿದ್ದರೆ ಅದರಲ್ಲಿ ಸಣ್ಣಗೆ ಗಾಳಿ ಹೋಗುತ್ತಿರಬಹುದು. ಅಲಾರಂ ಆಮೇಲೆ ಬರುತ್ತದೆ, ನಂಬರ್ ಮೊದಲೇ ಹೇಳಿರುತ್ತದೆ. ಬಿಸಿಯ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಮುಚ್ಚಳದ ಸೆನ್ಸರ್ ಹೊರಗಿನ ಗಾಳಿಗೆ ಒಡ್ಡಿಕೊಂಡಿರುತ್ತದೆ, ಟಯರಿನ ಒಳಗೆ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ.

ಅಲಾರಂ ಹೊಡೆದರೆ ಗಕ್ಕನೆ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ಭದ್ರವಾಗಿ ಹಿಡಿದು, ಆಕ್ಸಿಲರೇಟರ್ ಸಡಿಲಿಸಿ, ನಿಲ್ಲಿಸಲು ಜಾಗ ನೋಡಿ. ಬಿಸಿಯ ಅಲಾರಂ ಆದರೆ ನಿಲ್ಲಿಸಿ ಆರಲು ಬಿಡಿ. ಒಂದೇ ಚಕ್ರ ಕಾಯುತ್ತಿದ್ದರೆ ಬ್ರೇಕ್ ಕಚ್ಚಿಕೊಂಡಿದೆಯೋ ಎಂದೂ ನೋಡಿಸಿ.

ಸೆನ್ಸರ್ ಬ್ಯಾಟರಿ ವರ್ಷಕ್ಕೊಮ್ಮೆ ಬದಲಿಸಿ, ಎಲ್ಲವನ್ನೂ ಒಟ್ಟಿಗೆ. ಒಳಗಿನ ರಬ್ಬರ್ ರಿಂಗ್ ಒಣಗಿ ಬಿರಿದಿದ್ದರೆ ಅದನ್ನೂ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಸೆನ್ಸರ್‌ಗಳನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ವಾಲ್ವಿಗೆ ಹಳೆಯ ಮುಚ್ಚಳ ಹಾಕಿ. ಆ ಮುಚ್ಚಳಗಳನ್ನು ಮೊದಲ ದಿನವೇ ಎಸೆದುಬಿಟ್ಟಿರಬೇಡಿ.